ಆಸ್ಟಿಯೋಪತಿ ವಿದ್ಯಾರ್ಥಿಗಳೂ ಮನೋವೈದ್ಯದ ಹೆಬ್ಬಾಗಿಲೂ

“ಮನೋವ್ಯಾಧಿಗೆ ಮದ್ದಿಲ್ಲ” ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಅದು ಹುಟ್ಟಿದ ಕಾಲಕ್ಕೆ ನಿಜವೇ ಆಗಿದ್ದಿರಬಹುದು. ಇಂದು ಮನೋವ್ಯಾಧಿಗೆ ಮದ್ದೂ ಉಂಟು, ಮಾತಿನ ಚಿಕಿತ್ಸೆಯೂ ಉಂಟು. ಕೊರತೆಯಿರುವುದು ಅವನ್ನು ಕೊಡಬಲ್ಲ ವೈದ್ಯರದು. ಇದು ಬಡ ದೇಶಗಳಿಗೆ ಮಾತ್ರ ಅಂಟಿದ ಕೊರತೆಯೆಂದು ಭಾವಿಸಬೇಕಾಗಿಲ್ಲ. ಸಂಪತ್ತಿಗೆ ಹೆಸರಾದ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿಯೂ ಹತ್ತು ಕೋಟಿಗೂ ಹೆಚ್ಚು ಜನರು ಮಾನಸಿಕ ಚಿಕಿತ್ಸೆಗೆ ಸಾಕಷ್ಟು ವೈದ್ಯರಿಲ್ಲದ ಪ್ರದೇಶಗಳಲ್ಲಿ ವಾಸಿಸುತ್ತಿದ್ದಾರೆಂದು ಅಲ್ಲಿನ ಸರ್ಕಾರವೇ ಲೆಕ್ಕ ಹಾಕಿದೆ. ಹೀಗಿರಲು, ಮನೋವೈದ್ಯನಾಗುತ್ತೇನೆಂದು ಮುಂದೆ ಬರುವ ಪ್ರತಿಯೊಬ್ಬ ತರುಣನನ್ನೂ ಅಲ್ಲಿ ಕೈಹಿಡಿದು ಕರೆದುಕೊಳ್ಳುತ್ತಾರೆಂದು ನಾವು ಊಹಿಸುವುದು ಸಹಜ. ಆದರೆ ಬಾಗಿಲ ಬಳಿ ಒಂದು ಪ್ರಶ್ನೆ ಕಾದಿರುತ್ತದೆ: “ನಿನ್ನದು ಯಾವ ಪದವಿ? ಯಾವ ಕಾಲೇಜು?” ಈ ಪ್ರಶ್ನೆಯನ್ನು ಅತಿ ಹೆಚ್ಚಾಗಿ ಎದುರಿಸಬೇಕಾಗಿ ಬಂದವರಲ್ಲಿ ಆಸ್ಟಿಯೋಪತಿ ಕಾಲೇಜುಗಳ ವಿದ್ಯಾರ್ಥಿಗಳು ಮುಖ್ಯರು. ಅವರಿಗೆ ಮನೋವೈದ್ಯದ ಹೆಬ್ಬಾಗಿಲು ಎಷ್ಟರಮಟ್ಟಿಗೆ ತೆರೆದಿದೆ ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಬಿ.ಎ. ತರಗತಿಯ ವಿದ್ಯಾರ್ಥಿಗೆ ಅಮೆರಿಕದ ವೈದ್ಯ ಶಿಕ್ಷಣದ ಗೊಡವೆ ಏಕೆ ಎಂದು ಕೆಲವು ಮಿತ್ರರು ಕೇಳಿಯಾರು. ಇದು ಕೇವಲ ವೈದ್ಯದ ವಿಷಯವಲ್ಲ. ಸಮಾಜವು ಒಂದು ಪದವಿಗೆ ಬೆಲೆ ಕಟ್ಟುವುದು ಹೇಗೆ, ಆ ಬೆಲೆ ಏರುವುದು ಹೇಗೆ, ಬೆಲೆ ಕಡಿಮೆಯೆನಿಸಿಕೊಂಡ ಪದವಿ ಪಡೆದವನು ತನ್ನ ಯೋಗ್ಯತೆಯನ್ನು ತೋರಿಸಿಕೊಳ್ಳಬೇಕಾದುದು ಹೇಗೆ ಎಂಬ ಪ್ರಶ್ನೆಗಳು ಇದರಲ್ಲಿ ಅಡಗಿವೆ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು ನಮ್ಮಲ್ಲಿ ಹಲವರಿದ್ದೇವೆ. ಈ ಪ್ರಶ್ನೆಗಳು ನಮಗೆ ದೂರದವಲ್ಲ.

ಮೊದಲು ಹೆಸರುಗಳನ್ನು ತಿಳಿಮಾಡಿಕೊಳ್ಳಬೇಕು. ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದ ಮೇಲೆ ಪಡೆಯುವ ಉನ್ನತ ಪದವಿ ಎಂ.ಡಿ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಸಾಮಾನ್ಯ ಪದವಿಯ ಬಳಿಕ ನಾಲ್ಕು ವರ್ಷ ವೈದ್ಯ ಕಾಲೇಜಿನಲ್ಲಿ ಓದಿದವನಿಗೆ ಸಿಗುವ ಮೊದಲ ವೈದ್ಯ ಪದವಿಯೇ ಎಂ.ಡಿ. ಇದಕ್ಕೆ ಸಮಾನವಾದ ಇನ್ನೊಂದು ಪದವಿ ಡಿ.ಓ., ಎಂದರೆ ಡಾಕ್ಟರ್ ಆಫ್ ಆಸ್ಟಿಯೋಪತಿಕ್ ಮೆಡಿಸಿನ್. ಎರಡನ್ನೂ ಪಡೆದವರು ಮದ್ದು ಬರೆಯಬಹುದು, ಶಸ್ತ್ರಕ್ರಿಯೆ ಮಾಡಬಹುದು, ಐವತ್ತು ಸಂಸ್ಥಾನಗಳಲ್ಲಿ ಎಲ್ಲಿ ಬೇಕಾದರೂ ಪರವಾನಗಿ ಪಡೆಯಬಹುದು. ಪಠ್ಯವೂ ಬಹುಮಟ್ಟಿಗೆ ಒಂದೇ. ಡಿ.ಓ. ವಿದ್ಯಾರ್ಥಿಗಳು ಇದರ ಜೊತೆಗೆ ಸುಮಾರು 200 ಗಂಟೆಗಳಷ್ಟು ಕಾಲ ಮೂಳೆ, ಸ್ನಾಯು, ಕೀಲುಗಳನ್ನು ಕೈಯಿಂದ ಪರೀಕ್ಷಿಸಿ ಉಪಚರಿಸುವ ವಿದ್ಯೆಯನ್ನು ಕಲಿಯುತ್ತಾರೆ. ಇಂಗ್ಲೆಂಡ್ ಮೊದಲಾದ ಕಡೆಗಳಲ್ಲಿ ಆಸ್ಟಿಯೋಪತ್ ಎಂದರೆ ಬೆನ್ನುನೋವು, ಕೀಲುನೋವುಗಳಿಗೆ ಕೈ ಚಿಕಿತ್ಸೆ ಮಾಡುವವನೇ ಹೊರತು ಪೂರ್ಣ ವೈದ್ಯನಲ್ಲ. ಅಮೆರಿಕದ ಡಿ.ಓ. ಪೂರ್ಣ ವೈದ್ಯ. ಈ ಭೇದವನ್ನು ಮರೆತರೆ ಮುಂದಿನ ವಿಷಯವೆಲ್ಲ ಗೊಂದಲವಾಗುತ್ತದೆ.

ಈ ಪದ್ಧತಿಯ ಮೂಲಪುರುಷ ಆಂಡ್ರೂ ಟೇಲರ್ ಸ್ಟಿಲ್. 1828ರಲ್ಲಿ ಹುಟ್ಟಿದ ಈತ ಅಂದಿನ ಪದ್ಧತಿಯಂತೆ ವೈದ್ಯ ಕಲಿತವನು. 1864ರಲ್ಲಿ ಮೆದುಳುಪೊರೆಯ ಜ್ವರದಿಂದ ಅವನ ಮನೆಯಲ್ಲಿ ಮೂರು ಮಕ್ಕಳು ತೀರಿಕೊಂಡರು. ತಾನು ಕಲಿತ ಮದ್ದುಗಳಾವುವೂ ತನ್ನ ಮಕ್ಕಳನ್ನು ಉಳಿಸಲಿಲ್ಲವೆಂಬ ನೋವಿನಿಂದ ಅವನು ಬೇರೆ ದಾರಿಯನ್ನು ಹುಡುಕಿದನು. ಪಾದರಸದ ಮದ್ದು, ಅಫೀಮು, ಮದ್ಯಸಾರಗಳೇ ಔಷಧಿಗಳಾಗಿದ್ದ ಆ ಕಾಲದಲ್ಲಿ ಅವನ ಅಪನಂಬಿಕೆ ಅಕಾರಣವೇನೂ ಆಗಿರಲಿಲ್ಲ. 1874ರಲ್ಲಿ ತನ್ನ ಹೊಸ ಸಿದ್ಧಾಂತವನ್ನು ಸಾರಿ, 1892ರಲ್ಲಿ ಮಿಸ್ಸೌರಿ ಸಂಸ್ಥಾನದ ಕರ್ಕ್ಸ್‌ವಿಲ್ ಎಂಬ ಊರಿನಲ್ಲಿ ಒಂದು ಶಾಲೆಯನ್ನು ತೆರೆದನು. ಮೊದಲ ತರಗತಿಯಲ್ಲಿಯೇ ಸ್ತ್ರೀಯರಿಗೂ ಅಲ್ಲಿ ಪ್ರವೇಶವಿತ್ತೆಂಬುದು ನೆನೆಯತಕ್ಕ ಸಂಗತಿ. ದೇಹವೆಲ್ಲ ಒಂದು ಘಟಕ, ಅದಕ್ಕೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿಯಿದೆ, ರಚನೆಗೂ ಕಾರ್ಯಕ್ಕೂ ಪರಸ್ಪರ ಸಂಬಂಧವಿದೆ ಎಂಬುವು ಈ ಪಂಥದ ಮೂಲ ತತ್ತ್ವಗಳು. ಮೂಳೆಗಳನ್ನು ಸರಿಪಡಿಸಿದರೆ ಎಲ್ಲ ರೋಗಗಳೂ ಹೋಗುತ್ತವೆಂಬ ಸ್ಟಿಲ್ಲನ ಅತಿಯಾದ ನಂಬಿಕೆ ವಿಜ್ಞಾನದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಅವನ ಶಿಷ್ಯ ಪರಂಪರೆಯು ಕ್ರಮೇಣ ಔಷಧಿಯನ್ನೂ ಶಸ್ತ್ರವನ್ನೂ ಸ್ವೀಕರಿಸಿ ಆಧುನಿಕ ವೈದ್ಯದೊಡನೆ ಹೆಜ್ಜೆ ಹಾಕಿತು.

ಆಸ್ಟಿಯೋಪತಿಗೂ ಮನೋವೈದ್ಯಕ್ಕೂ ಇರುವ ನಂಟು ಹೊಸದಲ್ಲ. 1914ರಲ್ಲಿ ಅದೇ ಮಿಸ್ಸೌರಿಯ ಮೇಕನ್ ಎಂಬಲ್ಲಿ ಸ್ಟಿಲ್ಲನ ಕುಟುಂಬದವರೂ ಶಿಷ್ಯನಾದ ಆರ್ಥರ್ ಹಿಲ್‌ಡ್ರೆತ್ತನೂ ಸೇರಿ ಮಾನಸಿಕ ರೋಗಿಗಳಿಗಾಗಿ ಒಂದು ಆಸ್ಪತ್ರೆಯನ್ನು ತೆರೆದರು. ಸ್ಟಿಲ್–ಹಿಲ್‌ಡ್ರೆತ್ ಸ್ಯಾನಟೋರಿಯಂ ಎಂದು ಅದರ ಹೆಸರು. ಕೈ ಚಿಕಿತ್ಸೆಯಿಂದ ಬುದ್ಧಿಭ್ರಮಣೆ ವಾಸಿಯಾಗುತ್ತದೆಂಬ ಅಲ್ಲಿನವರ ಹೇಳಿಕೆಯನ್ನು ಇಂದು ಯಾರೂ ಎತ್ತಿಹಿಡಿಯಲಾರರು. ಆದರೆ ಮನಸ್ಸಿನ ರೋಗಿಯನ್ನೂ ಉಳಿದ ರೋಗಿಗಳಂತೆಯೇ ದೇಹವುಳ್ಳ ಮನುಷ್ಯನೆಂದು ಮುಟ್ಟಿ ನೋಡುವ ದೃಷ್ಟಿಯು ಅಷ್ಟು ಹಿಂದೆಯೇ ಅಲ್ಲಿ ಇದ್ದಿತೆಂಬುದು ಗಮನಾರ್ಹ.

ಈ ಪದವಿಗೆ ಸಮಾನ ಗೌರವ ಸಿಕ್ಕಿದುದು ಸುಲಭವಾಗಿ ಅಲ್ಲ. ಅಮೆರಿಕದ ವೈದ್ಯ ಸಂಘವು ದೀರ್ಘಕಾಲ ಇವರನ್ನು ವೈದ್ಯರೆಂದು ಒಪ್ಪದೆ ಪಂಥದವರೆಂದು ಕರೆಯಿತು, ಎಂ.ಡಿ.ಗಳು ಇವರೊಡನೆ ವೃತ್ತಿ ಸಂಪರ್ಕವಿಟ್ಟುಕೊಳ್ಳುವುದು ನೀತಿಬಾಹಿರವೆಂದು ಎಣಿಸಿತು. ಇವೆಲ್ಲಕ್ಕಿಂತ ವಿಚಿತ್ರವಾದುದು ಕ್ಯಾಲಿಫೋರ್ನಿಯದಲ್ಲಿ ನಡೆದ ಸಂಗತಿ. 1962ರಲ್ಲಿ ಅಲ್ಲಿನ ಎರಡು ವೈದ್ಯ ಸಂಘಗಳು ಒಂದಾದವು. ಸುಮಾರು ಎರಡು ಸಾವಿರ ಡಿ.ಓ. ವೈದ್ಯರು 65 ಡಾಲರು ಶುಲ್ಕ ಕೊಟ್ಟು ಎಂ.ಡಿ. ಪದವಿಯನ್ನು ಪಡೆದರು. ಅವರು ಹೊಸದಾಗಿ ಓದಲಿಲ್ಲ, ಹೊಸ ಪರೀಕ್ಷೆಗೆ ಕೂರಲಿಲ್ಲ. ಹಿಂದಿನ ದಿನ ಯಾವ ಕೈ ಯಾವ ರೋಗಿಯ ನಾಡಿಯನ್ನು ಹಿಡಿದಿತ್ತೋ ಮರುದಿನವೂ ಅದೇ ಕೈ ಅದೇ ನಾಡಿಯನ್ನು ಹಿಡಿಯಿತು. ಬದಲಾದುದು ಗೋಡೆಯ ಮೇಲಿನ ಫಲಕ ಮಾತ್ರ. ಹಾಗಾದರೆ ಅದುವರೆಗೂ ಮಾಡಿದ ತಾರತಮ್ಯಕ್ಕೆ ಆಧಾರವೇನಿತ್ತು? ಈ ಪ್ರಶ್ನೆಗೆ ಕ್ಯಾಲಿಫೋರ್ನಿಯದವರು ಉತ್ತರ ಕೊಡಲಿಲ್ಲ. ಅಷ್ಟೇ ಅಲ್ಲ, ಹೊಸ ಡಿ.ಓ.ಗಳಿಗೆ ಪರವಾನಗಿ ಕೊಡುವುದನ್ನೇ ನಿಲ್ಲಿಸಿದರು. ಅದನ್ನು ಮತ್ತೆ ಆರಂಭಿಸಲು 1974ರಲ್ಲಿ ಆ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯದ ತೀರ್ಪೇ ಬೇಕಾಯಿತು. ಈ ನಡುವೆ 1966ರಲ್ಲಿ ಸೇನಾ ವೈದ್ಯ ವಿಭಾಗವೂ 1969ರಲ್ಲಿ ಅಮೆರಿಕದ ವೈದ್ಯ ಸಂಘವೂ ಡಿ.ಓ.ಗಳಿಗೆ ಬಾಗಿಲು ತೆರೆದವು. 1973ರ ಹೊತ್ತಿಗೆ ಎಲ್ಲ ಸಂಸ್ಥಾನಗಳಲ್ಲಿಯೂ ಪೂರ್ಣ ಪರವಾನಗಿ ದೊರೆತಿತ್ತು. ಇಂದು ಅಮೆರಿಕದ ವೈದ್ಯ ವಿದ್ಯಾರ್ಥಿಗಳಲ್ಲಿ ನಾಲ್ವರಿಗೆ ಒಬ್ಬರಿಗಿಂತ ಹೆಚ್ಚು ಮಂದಿ ಆಸ್ಟಿಯೋಪತಿ ಕಾಲೇಜುಗಳಲ್ಲಿ ಓದುತ್ತಿದ್ದಾರೆ.

ಪರವಾನಗಿಯ ಸಮಾನತೆ ಬೇರೆ, ತರಬೇತಿಯ ಸ್ಥಾನ ಸಿಗುವುದು ಬೇರೆ. ಪದವಿ ಪಡೆದ ಮಾತ್ರಕ್ಕೆ ಅಲ್ಲಿ ಯಾರೂ ಮನೋವೈದ್ಯರಾಗುವುದಿಲ್ಲ. ರೆಸಿಡೆನ್ಸಿ ಎಂಬ ನಾಲ್ಕು ವರ್ಷಗಳ ತರಬೇತಿಯನ್ನು ಆಸ್ಪತ್ರೆಯಲ್ಲಿ ಸಂಬಳದ ಮೇಲೆ ದುಡಿದು ಮುಗಿಸಬೇಕು. ಮೊದಲು ಕೆಲವು ತಿಂಗಳು ಸಾಮಾನ್ಯ ವೈದ್ಯ ಮತ್ತು ನರರೋಗ ವಿಭಾಗಗಳಲ್ಲಿ. ಬಳಿಕ ಒಳರೋಗಿಗಳ ವಾರ್ಡು, ಮಕ್ಕಳು, ವೃದ್ಧರು, ವ್ಯಸನಿಗಳು, ಹೊರರೋಗಿಗಳು ಹೀಗೆ ಒಂದೊಂದು ವಿಭಾಗದಲ್ಲಿಯೂ ಕೆಲಸ ಮಾಡಬೇಕು. ಮಕ್ಕಳ ಮನೋವೈದ್ಯದಲ್ಲಿ ವಿಶೇಷ ತಜ್ಞರಾಗಬೇಕೆಂದರೆ ಇನ್ನೂ ಎರಡು ವರ್ಷಗಳ ತರಬೇತಿ ಇದೆ. ಅದಕ್ಕೆ ಮೂರು ವರ್ಷ ಮುಗಿದೊಡನೆಯೇ ಸೇರಬಹುದು.

ಈ ಸ್ಥಾನಗಳ ಹಂಚಿಕೆಯ ಕ್ರಮ ಕುತೂಹಲಕರವಾದುದು. ನಮ್ಮಲ್ಲಿ ಸ್ನಾತಕೋತ್ತರ ವೈದ್ಯ ಸೀಟುಗಳು ಬಹುಮಟ್ಟಿಗೆ ಒಂದು ಪ್ರವೇಶ ಪರೀಕ್ಷೆಯ ರ್‍ಯಾಂಕಿನ ಮೇಲೆ ನಿಂತಿವೆ. ಅಲ್ಲಿ ಹಾಗಲ್ಲದೆ, 1952ರಲ್ಲಿ ಆರಂಭವಾದ ‘ಮ್ಯಾಚ್’ ಎಂಬ ಏರ್ಪಾಡಿದೆ. ಅಭ್ಯರ್ಥಿಗಳು ಸೆಪ್ಟೆಂಬರ್ ತಿಂಗಳಲ್ಲಿ ಹಲವು ಆಸ್ಪತ್ರೆಗಳಿಗೆ ಅರ್ಜಿ ಕಳುಹಿಸುತ್ತಾರೆ. ಆಸ್ಪತ್ರೆಗಳು ತಮಗೆ ಒಪ್ಪಿಗೆಯಾದವರನ್ನು ಮಾತ್ರ ಸಂದರ್ಶನಕ್ಕೆ ಕರೆಯುತ್ತವೆ. ಸಂದರ್ಶನಗಳು ಮುಗಿದ ಮೇಲೆ ಅಭ್ಯರ್ಥಿಯು ತಾನು ಮೆಚ್ಚಿದ ಆಸ್ಪತ್ರೆಗಳ ಹೆಸರನ್ನು ಕ್ರಮವಾಗಿ ಬರೆದು ಕೊಡುತ್ತಾನೆ. ಆಸ್ಪತ್ರೆಯೂ ತಾನು ಮೆಚ್ಚಿದ ಅಭ್ಯರ್ಥಿಗಳ ಹೆಸರನ್ನು ಕ್ರಮವಾಗಿ ಬರೆದು ಕೊಡುತ್ತದೆ. ಎರಡು ಪಟ್ಟಿಗಳನ್ನೂ ಗಣಕಯಂತ್ರವು ಹೋಲಿಸಿ ಜೋಡಿ ಮಾಡುತ್ತದೆ. ನಮ್ಮ ಕಡೆ ವಧೂವರರ ಜಾತಕ ಕೂಡಿಸುವುದನ್ನು ಇದು ನೆನಪಿಗೆ ತಂದರೆ ಆಶ್ಚರ್ಯವಿಲ್ಲ. ಈ ಗಣಿತದ ಮೂಲವಾದ 1962ರ ಪ್ರಬಂಧವೊಂದರಲ್ಲಿ ಗೇಲ್ ಮತ್ತು ಶ್ಯಾಪ್ಲಿ ಎಂಬ ವಿದ್ವಾಂಸರು ವಿವಾಹದ ಉದಾಹರಣೆಯನ್ನೇ ತೆಗೆದುಕೊಂಡಿದ್ದರು. ಈಗಿನ ಕ್ರಮವನ್ನು ರೂಪಿಸಿದವರಲ್ಲಿ ಒಬ್ಬನಾದ ಆಲ್ವಿನ್ ರಾತ್ ಎಂಬಾತನಿಗೂ ಶ್ಯಾಪ್ಲಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಈ ಕ್ರಮದಲ್ಲಿ ಅಭ್ಯರ್ಥಿಯು ತನ್ನ ನಿಜವಾದ ಇಷ್ಟದ ಕ್ರಮವನ್ನೇ ಬರೆಯುವುದು ಅವನಿಗೆ ಹಿತ. ಸಿಕ್ಕೀತೋ ಇಲ್ಲವೋ ಎಂಬ ಅಳುಕಿನಿಂದ ಮೆಚ್ಚಿದುದನ್ನು ಕೆಳಗೆ ಬರೆದರೆ ಲಾಭವೇನೂ ಇಲ್ಲ. ಮಾರ್ಚ್ ತಿಂಗಳ ಮೂರನೆಯ ವಾರದಲ್ಲಿ, ಸೋಮವಾರ ಸ್ಥಾನ ಸಿಕ್ಕಿತೋ ಇಲ್ಲವೋ ಎಂಬುದೂ, ಶುಕ್ರವಾರ ಎಲ್ಲಿ ಸಿಕ್ಕಿತೆಂಬುದೂ ತಿಳಿಯುತ್ತದೆ. ನಡುವಣ ದಿನಗಳಲ್ಲಿ, ಸಿಗದವರು ಉಳಿದ ಸ್ಥಾನಗಳಿಗೆ ಓಡಾಡುತ್ತಾರೆ.

ಡಿ.ಓ. ವಿದ್ಯಾರ್ಥಿಗಳಿಗೆ ಹಿಂದೆ ತಮ್ಮದೇ ಆದ ಪ್ರತ್ಯೇಕ ರೆಸಿಡೆನ್ಸಿಗಳೂ ಪ್ರತ್ಯೇಕ ಹಂಚಿಕೆಯೂ ಇದ್ದವು. ಅದರ ಫಲಿತಾಂಶ ಮೊದಲೇ ಬರುತ್ತಿತ್ತು. ಅಲ್ಲಿ ಸ್ಥಾನ ಸಿಕ್ಕಿದವನು ದೊಡ್ಡ ಹಂಚಿಕೆಯಿಂದ ಹೊರಬರಬೇಕಾಗಿತ್ತು. ಕೈಯಲ್ಲಿರುವ ಚಿಕ್ಕದನ್ನು ಹಿಡಿಯಬೇಕೋ ಮುಂದಿರುವ ದೊಡ್ಡದಕ್ಕೆ ಕಾಯಬೇಕೋ ಎಂಬ ಧರ್ಮಸಂಕಟ ಪ್ರತಿಯೊಬ್ಬನಿಗೂ ಇತ್ತು. 2014ರಲ್ಲಿ ಎರಡೂ ಕಡೆಯ ಸಂಸ್ಥೆಗಳು ಒಪ್ಪಂದ ಮಾಡಿಕೊಂಡು, 2015ರಿಂದ 2020ರವರೆಗೆ ಹಂತಹಂತವಾಗಿ ಎರಡು ವ್ಯವಸ್ಥೆಗಳನ್ನು ಒಂದು ಮಾಡಿದವು. 2020ರಿಂದ ಎಂ.ಡಿ.ಗೂ ಡಿ.ಓ.ಗೂ ಒಂದೇ ಮಾನ್ಯತೆ, ಒಂದೇ ಹಂಚಿಕೆ. ಆ ವರ್ಷ ಸ್ಥಾನ ಪಡೆದವರು ಅಂತಿಮ ವರ್ಷದ ಎಂ.ಡಿ. ವಿದ್ಯಾರ್ಥಿಗಳಲ್ಲಿ ನೂರಕ್ಕೆ 93.7, ಡಿ.ಓ.ಗಳಲ್ಲಿ 90.7. 2024ರಲ್ಲಿ ಈ ಅಂಕಿಗಳು ಕ್ರಮವಾಗಿ 93.5 ಮತ್ತು 92.3. ನಾಲ್ಕು ವರ್ಷಗಳಲ್ಲಿ ಅಂತರವು ಮೂರರಿಂದ ಒಂದಕ್ಕೆ ಸ್ವಲ್ಪ ಹೆಚ್ಚು ಎನ್ನುವಷ್ಟಕ್ಕೆ ಇಳಿಯಿತು.

ಆದರೆ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಇವು ಎಲ್ಲ ವಿಭಾಗಗಳನ್ನೂ ಕೂಡಿಸಿದ ಲೆಕ್ಕ. ನರ ಶಸ್ತ್ರಕ್ರಿಯೆ, ಚರ್ಮರೋಗ, ಪ್ಲಾಸ್ಟಿಕ್ ಶಸ್ತ್ರಕ್ರಿಯೆ ಮೊದಲಾದ ವಿಭಾಗಗಳಲ್ಲಿ ಡಿ.ಓ.ಗಳು ಇಂದಿಗೂ ವಿರಳ. ಸಿಗಲಾರದೆಂದು ತಿಳಿದವನು ಅರ್ಜಿಯನ್ನೇ ಹಾಕದಿದ್ದರೆ ಸೋತವರ ಲೆಕ್ಕದಲ್ಲಿಯೂ ಅವನು ಬರುವುದಿಲ್ಲ. ಆದ್ದರಿಂದ ಒಟ್ಟು ಲೆಕ್ಕದ ಸಮಾನತೆಯು ಆಯ್ಕೆಯ ಸಮಾನತೆಯಲ್ಲ.

ಮನೋವೈದ್ಯದ ಸ್ಥಿತಿ ಇವುಗಳಿಗಿಂತ ಎಷ್ಟೋ ಉತ್ತಮ. ಕುಟುಂಬ ವೈದ್ಯ, ಸಾಮಾನ್ಯ ವೈದ್ಯ, ಶಿಶು ವೈದ್ಯಗಳಂತೆ ಇದೂ ಡಿ.ಓ.ಗಳನ್ನು ಮೊದಲಿನಿಂದ ಬರಮಾಡಿಕೊಂಡ ವಿಭಾಗ. ಇದಕ್ಕೆ ಕಾರಣ ಔದಾರ್ಯವೊಂದೇ ಅಲ್ಲ. ಬಹುಕಾಲ ಅಮೆರಿಕದ ಎಂ.ಡಿ. ತರುಣರು ಮನೋವೈದ್ಯದ ಕಡೆಗೆ ಹೆಚ್ಚಾಗಿ ಮುಖ ಮಾಡುತ್ತಿರಲಿಲ್ಲ. ಸಂಪಾದನೆ ಕಡಿಮೆ, ಪ್ರತಿಷ್ಠೆ ಕಡಿಮೆ, ರೋಗಿಗಳಿಗೆ ಅಂಟಿದ ಕಳಂಕ ವೈದ್ಯರಿಗೂ ಸ್ವಲ್ಪ ಅಂಟುತ್ತಿತ್ತು. ಹೀಗೆ ಖಾಲಿ ಉಳಿದ ಸ್ಥಾನಗಳನ್ನು ತುಂಬಿದವರು ಡಿ.ಓ.ಗಳೂ ಹೊರದೇಶಗಳಿಂದ ಹೋದ ವೈದ್ಯರೂ. ಮೈಸೂರು, ಬೆಂಗಳೂರು, ಮಣಿಪಾಲಗಳಲ್ಲಿ ಓದಿ ಅಮೆರಿಕಕ್ಕೆ ಹೋದ ನಮ್ಮವರೂ ಈ ಸಾಲಿನಲ್ಲಿದ್ದಾರೆ. ಕಡೆಗಣಿಸಲ್ಪಟ್ಟ ರೋಗಿಗಳ ಸೇವೆಗೆ, ಬಾಗಿಲಲ್ಲಿ ಪ್ರಶ್ನೆಗೆ ಗುರಿಯಾದ ವೈದ್ಯರೇ ಒದಗಿದರೆಂಬುದು ಯೋಚಿಸತಕ್ಕ ಮಾತು.

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಗಾಳಿ ತಿರುಗಿದೆ. ಮನಸ್ಸಿನ ಆರೋಗ್ಯದ ಬಗ್ಗೆ ಜನರು ಮುಚ್ಚುಮರೆಯಿಲ್ಲದೆ ಮಾತನಾಡತೊಡಗಿದರು. ವೈದ್ಯರಿಗೆ ಬೇಡಿಕೆ ಹೆಚ್ಚಿತು. ಮನೋವೈದ್ಯ ವಿದ್ಯಾರ್ಥಿಗಳ ಮೆಚ್ಚಿನ ವಿಭಾಗಗಳಲ್ಲೊಂದಾಯಿತು. ವರ್ಷಕ್ಕೆ ಸುಮಾರು 1,300 ಇದ್ದ ಸ್ಥಾನಗಳು ಎರಡು ಸಾವಿರವನ್ನು ದಾಟಿವೆ. ಆದರೂ ನೂರಕ್ಕೆ ತೊಂಬತ್ತೆಂಟು ತೊಂಬತ್ತೊಂಬತ್ತು ಸ್ಥಾನಗಳು ಮೊದಲ ಹಂಚಿಕೆಯಲ್ಲಿಯೇ ತುಂಬಿಹೋಗುತ್ತವೆ. ಇವುಗಳಲ್ಲಿ ಡಿ.ಓ.ಗಳ ಪಾಲು ಹೆಚ್ಚುಕಡಿಮೆ ಐದರಲ್ಲಿ ಒಂದು. ಅಂದರೆ ಬಾಗಿಲು ತೆರೆದಿದೆ, ಆದರೆ ಬಾಗಿಲಲ್ಲಿ ಜನಜಂಗುಳಿ ಹೆಚ್ಚಿದೆ. ‘ಎಲ್ಲಿಯೂ ಸಿಗದಿದ್ದರೆ ಮನೋವೈದ್ಯ ಇದ್ದೇ ಇದೆ’ ಎನ್ನುತ್ತಿದ್ದ ಕಾಲ ಮುಗಿಯಿತು. ಅದು ಮುಗಿದುದು ರೋಗಿಗಳ ಭಾಗ್ಯವೆಂದೇ ಹೇಳಬೇಕು.

ಸ್ಥಾನಗಳನ್ನು ಬೇಕಾದಷ್ಟು ಹೆಚ್ಚಿಸಬಾರದೇ ಎಂದರೆ ಅದಕ್ಕೆ ಹಣದ ಅಡ್ಡಿಯಿದೆ. ತರಬೇತಿಯ ವೆಚ್ಚದ ದೊಡ್ಡ ಭಾಗ ಮೆಡಿಕೇರ್ ಎಂಬ ಸರ್ಕಾರಿ ನಿಧಿಯಿಂದ ಬರುತ್ತದೆ. 1997ರ ಕಾನೂನು ಅದಕ್ಕೊಂದು ಮಿತಿಯನ್ನು ಹಾಕಿತು. ಆಮೇಲೆ ಸಡಿಲಿಕೆಗಳು ಬಂದಿವೆ. 2023ರ ಆರ್ಥಿಕ ವರ್ಷದ ಕಾನೂನಿನಲ್ಲಿ ಮಂಜೂರಾದ 200 ಹೊಸ ಸ್ಥಾನಗಳಲ್ಲಿ ಕನಿಷ್ಠ ಅರ್ಧದಷ್ಟು ಮನೋವೈದ್ಯಕ್ಕೇ ಮೀಸಲಾದವು. ಇಷ್ಟು ದೊಡ್ಡ ದೇಶಕ್ಕೆ ಇದು ಅರೆಕಾಸಿನ ಮಜ್ಜಿಗೆ.

ಹಾಗಾದರೆ ಡಿ.ಓ. ವಿದ್ಯಾರ್ಥಿಗೆ ಉಳಿದಿರುವ ಅಡ್ಡಿಗಳು ಯಾವುವು? ಮೊದಲನೆಯದು ಪರೀಕ್ಷೆ. ಡಿ.ಓ.ಗಳು ಕಾಮ್‌ಲೆಕ್ಸ್ ಎಂಬ ಪರೀಕ್ಷೆಯನ್ನೂ ಎಂ.ಡಿ.ಗಳು ಯು.ಎಸ್.ಎಂ.ಎಲ್.ಇ. ಎಂಬ ಪರೀಕ್ಷೆಯನ್ನೂ ಬರೆಯುತ್ತಾರೆ. ಪರವಾನಗಿಗೆ ಎರಡೂ ಸಮ. ಆದರೆ ಎರಡನೆಯದರ ಅಂಕಗಳಿಗೆ ಒಗ್ಗಿಹೋದ ಆಸ್ಪತ್ರೆಗಳು ಮೊದಲನೆಯದನ್ನು ಅಳೆಯಲು ಹಿಂಜರಿಯುತ್ತವೆ. ಆದ್ದರಿಂದ ಅನೇಕ ಡಿ.ಓ. ವಿದ್ಯಾರ್ಥಿಗಳು ಎರಡನ್ನೂ ಬರೆಯುತ್ತಾರೆ. ಎರಡು ಶುಲ್ಕ, ಎರಡು ದುಡಿಮೆ, ಎರಡು ಆತಂಕ. 2022ರಿಂದ ಎರಡು ಪರೀಕ್ಷೆಗಳಲ್ಲಿಯೂ ಮೊದಲ ಹಂತಕ್ಕೆ ಅಂಕಗಳಿಲ್ಲ, ಉತ್ತೀರ್ಣ ಅಥವಾ ಅನುತ್ತೀರ್ಣ ಎಂದಷ್ಟೇ ಪ್ರಕಟಿಸುತ್ತಾರೆ. ಇದರಿಂದ ಒಂದು ಹೊರೆ ಇಳಿಯಿತಾದರೂ ಎರಡನೆಯ ಹಂತದ ಅಂಕಗಳಿಗೆ ತೂಕ ಹೆಚ್ಚಿತು.

ಎರಡನೆಯದು ಆಸ್ಪತ್ರೆಯ ಕೊರತೆ. ಆಸ್ಟಿಯೋಪತಿ ಕಾಲೇಜುಗಳಲ್ಲಿ ಅನೇಕಕ್ಕೆ ಸ್ವಂತ ಆಸ್ಪತ್ರೆಯಿಲ್ಲ. ಮೂರನೆಯ, ನಾಲ್ಕನೆಯ ವರ್ಷದ ವಿದ್ಯಾರ್ಥಿಗಳು ದೂರದೂರದ ಸಮುದಾಯ ಆಸ್ಪತ್ರೆಗಳಿಗೆ ಚದುರಿಹೋಗುತ್ತಾರೆ. ಹೀಗಾಗಿ ಹೆಸರಾಂತ ಮನೋವೈದ್ಯ ವಿಭಾಗದಲ್ಲಿ ಕೆಲಸ ಮಾಡುವ, ಅಲ್ಲಿನ ಪ್ರಾಧ್ಯಾಪಕರಿಂದ ಶಿಫಾರಸು ಪತ್ರ ಪಡೆಯುವ, ಸಂಶೋಧನೆಯಲ್ಲಿ ಕೈಜೋಡಿಸುವ ಅವಕಾಶ ಅವರಿಗೆ ಕಡಿಮೆ. ಅವಕಾಶದ ಕೊರತೆಯನ್ನು ಯೋಗ್ಯತೆಯ ಕೊರತೆಯೆಂದು ಓದಿಕೊಳ್ಳುವುದು ನೋಡುವವರ ದೋಷ.

ಮೂರನೆಯದು ಹೆಸರಿನ ಮೋಹ. ‘ನೂಲಿನಂತೆ ಸೀರೆ’ ಎನ್ನುತ್ತಾರೆ ನಮ್ಮವರು. ಕೆಲವು ಪ್ರಸಿದ್ಧ ವಿಶ್ವವಿದ್ಯಾಲಯಗಳ ಆಸ್ಪತ್ರೆಗಳು ಸೀರೆಯನ್ನು ಬಿಚ್ಚಿ ನೋಡದೆ ನೂಲಿನ ಅಂಗಡಿಯ ಹೆಸರನ್ನೇ ಕೇಳುತ್ತವೆ. ಸಮುದಾಯ ಆಸ್ಪತ್ರೆಗಳಲ್ಲಿಯೂ ಹಿಂದೆ ಆಸ್ಟಿಯೋಪತಿಗೆ ಸೇರಿದ್ದ ತರಬೇತಿ ಕೇಂದ್ರಗಳಲ್ಲಿಯೂ ಈ ತೊಡಕು ಬಹಳ ಕಡಿಮೆ.

ಇವುಗಳ ನಡುವೆ ದಾರಿ ಮಾಡಿಕೊಳ್ಳುವವರ ರೀತಿಯನ್ನು ಗಮನಿಸಿದರೆ ಕೆಲವು ಸಾಮಾನ್ಯ ಅಂಶಗಳು ಕಾಣುತ್ತವೆ. ಅವರು ಯಾವ ಪರೀಕ್ಷೆಯಲ್ಲಿಯೂ ಅನುತ್ತೀರ್ಣರಾಗದಂತೆ ಜಾಗ್ರತೆ ವಹಿಸುತ್ತಾರೆ. ನಾಲ್ಕನೆಯ ವರ್ಷದಲ್ಲಿ ತಾವು ಸೇರಬಯಸುವ ಆಸ್ಪತ್ರೆಗೇ ಹೋಗಿ ಒಂದು ತಿಂಗಳು ಕೆಲಸ ಮಾಡಿ ತಮ್ಮ ನಡವಳಿಕೆಯನ್ನು ಕಣ್ಣಾರೆ ತೋರಿಸುತ್ತಾರೆ. ಮನೋವೈದ್ಯರಿಂದಲೇ ಶಿಫಾರಸು ಪತ್ರಗಳನ್ನು ಪಡೆಯುತ್ತಾರೆ. ಒಂದೆರಡು ದೊಡ್ಡ ಹೆಸರುಗಳಿಗೆ ಮನಸೋಲದೆ ಹೆಚ್ಚು ಕಡೆ ಸಂದರ್ಶನಕ್ಕೆ ಹೋಗಿ ಉದ್ದವಾದ ಪಟ್ಟಿಯನ್ನು ಕೊಡುತ್ತಾರೆ. ಪಟ್ಟಿ ಉದ್ದವಾದಷ್ಟೂ ಸ್ಥಾನ ಸಿಗುವ ಸಂಭವ ಹೆಚ್ಚೆಂಬುದನ್ನು ಪ್ರತಿವರ್ಷದ ಫಲಿತಾಂಶವೂ ತೋರಿಸುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಮನೋವೈದ್ಯದಲ್ಲಿ ತಮಗೆ ಆಸಕ್ತಿ ಏಕೆಂಬುದನ್ನು ಅವರು ನಿಜವಾಗಿ ಹೇಳಬಲ್ಲವರಾಗಿರುತ್ತಾರೆ. ಕೇಳಿಸಿಕೊಳ್ಳುವುದೇ ಅರ್ಧ ಚಿಕಿತ್ಸೆಯಾಗಿರುವ ವಿಭಾಗದಲ್ಲಿ ಸಂದರ್ಶನಕ್ಕೆ ಮಹತ್ತ್ವ ಹೆಚ್ಚು. ಅಲ್ಲಿ ಕಾಲೇಜಿನ ಹೆಸರು ಮಾತನಾಡುವುದಿಲ್ಲ, ಮನುಷ್ಯನೇ ಮಾತನಾಡಬೇಕು.

ಒಟ್ಟಿನಲ್ಲಿ ಹೇಳುವುದಾದರೆ, ಚೆನ್ನಾಗಿ ಓದಿದ, ನಿಜವಾದ ಒಲವುಳ್ಳ ಡಿ.ಓ. ವಿದ್ಯಾರ್ಥಿಗೆ ಅಮೆರಿಕದಲ್ಲಿ ಮನೋವೈದ್ಯನಾಗುವ ಅವಕಾಶ ಇಂದು ಚೆನ್ನಾಗಿಯೇ ಇದೆ. ಎಲ್ಲಿ ತರಬೇತಿ ಎಂಬುದರಲ್ಲಿ ತಾರತಮ್ಯ ಉಳಿದಿರಬಹುದು. ತರಬೇತಿ ಮುಗಿಸಿ ಕುರ್ಚಿಯಲ್ಲಿ ಕುಳಿತ ಮೇಲೆ ಎಂ.ಡಿ.ಗೂ ಡಿ.ಓ.ಗೂ ವೃತ್ತಿಯಲ್ಲಿ ಭೇದವಿಲ್ಲ. ಎದುರಿಗೆ ಕುಳಿತ ರೋಗಿಯಂತೂ ಆ ಭೇದವನ್ನು ಕೇಳುವುದೇ ಇಲ್ಲ. ರಾತ್ರಿ ನಿದ್ದೆಯಿಲ್ಲದೆ, ಬದುಕು ಬೇಡವೆನಿಸಿ ಬಂದವನಿಗೆ ಬೇಕಾದುದು ತನ್ನ ಮಾತಿಗೆ ಕಿವಿಗೊಡುವ ಒಬ್ಬ ತಿಳಿವಳಿಕೆಯ ಮನುಷ್ಯ.

ಈ ಇತಿಹಾಸದಿಂದ ನಾವು ಕಲಿಯಬಹುದಾದುದು ಎರಡು. ಪದವಿಯ ಹೆಸರಿಗೆ ಸಮಾಜ ಕಟ್ಟುವ ಬೆಲೆ ಶಾಶ್ವತವಲ್ಲ. ಒಂದು ಕಾಲದಲ್ಲಿ 65 ಡಾಲರಿಗೆ ಬದಲಾದ ಬೆಲೆ ಅದು. ಆದರೆ ಅದು ತಾನಾಗಿಯೇ ಬದಲಾಗುವುದೂ ಇಲ್ಲ. ಕಾಲೇಜುಗಳು ಪಾಠವನ್ನು ತಿದ್ದಿಕೊಂಡು, ಸಂಘಗಳು ನ್ಯಾಯಾಲಯದವರೆಗೂ ಹೋರಾಡಿ, ಅನೇಕ ವಿದ್ಯಾರ್ಥಿಗಳು ಇತರರಿಗಿಂತ ಒಂದು ಪರೀಕ್ಷೆಯನ್ನು ಹೆಚ್ಚಾಗಿಯೇ ಬರೆದು ಆ ಬೆಲೆಯನ್ನು ಏರಿಸಿದರು. ಹೀಗೆ ಹೆಚ್ಚಾಗಿ ಬರೆಯಬೇಕಾಗಿ ಬಂದುದು ನ್ಯಾಯವಲ್ಲ. ಬರೆದು ಗೆದ್ದುದು ಮಾತ್ರ ಗೌರವಕ್ಕೆ ಯೋಗ್ಯ. ಮುಂದೆ ನಮ್ಮಲ್ಲಿ ಕೆಲವರು ಬಾಗಿಲ ಹೊರಗೆ ನಿಂತು ಉತ್ತರ ಹೇಳಬೇಕಾದೀತು. ಇನ್ನು ಕೆಲವರು ಒಳಗೆ ಕುಳಿತು ಪ್ರಶ್ನೆ ಕೇಳುವ ಸ್ಥಾನಕ್ಕೆ ಏರಿಯಾರು. ಹಾಗೆ ಏರಿದವರು, ‘ನಿನ್ನದು ಯಾವ ಕಾಲೇಜು’ ಎಂಬುದಕ್ಕೆ ಮೊದಲು ‘ನೀನು ಏನು ಬಲ್ಲೆ, ಯಾರಿಗೆ ಆಗಿಬರುವೆ’ ಎಂದು ಕೇಳುವಂತಾಗಲಿ.